‘ಆಯುಷ್ಯ ಇಷ್ಟೇ ಇತ್ತು’ ಎನ್ನುವ ಮುನ್ನ

ಸಾವು ನಡೆದ ಮನೆಗೆ ನೆರೆಹೊರೆಯವರು ಬಂದು ಕುಳಿತಾಗ ಆಡುವ ಮಾತುಗಳು ನಮ್ಮ ನಾಡಿನಲ್ಲಿ ಬಹುಮಟ್ಟಿಗೆ ಒಂದೇ ಬಗೆಯವು. ತುಂಬಿದ ವಯಸ್ಸಿನವರು ಹೋದರೆ ‘ಪುಣ್ಯವಂತರು, ಮಕ್ಕಳು ಮೊಮ್ಮಕ್ಕಳನ್ನು ಕಂಡು ಹೋದರು’ ಎನ್ನುತ್ತೇವೆ. ಮೂವತ್ತು ವರ್ಷದ ರೈತನೋ, ಎರಡು ಮಕ್ಕಳ ತಾಯಿಯೋ, ಶಾಲೆಗೆ ಹೋಗುವ ಹುಡುಗನೋ ಹೋದರೆ ‘ಆಯುಷ್ಯ ಇಷ್ಟೇ ಇತ್ತು’ ಎನ್ನುತ್ತೇವೆ. ‘ಹಣೆಯಲ್ಲಿ ಬರೆದದ್ದು ತಪ್ಪೀತೆ?’ ಎನ್ನುತ್ತೇವೆ. ದುಃಖದಲ್ಲಿರುವವರಿಗೆ ಈ ಮಾತುಗಳಿಂದ ಸಮಾಧಾನವಾಗುತ್ತದೆ. ಆ ಹೊತ್ತಿನಲ್ಲಿ ಅವನ್ನು ಆಡುವುದು ತಪ್ಪೆಂದು ನಾವು ಹೇಳಲಾರೆವು. ಆದರೆ ದಿನಕರ್ಮಗಳೆಲ್ಲ ಮುಗಿದ ಮೇಲೆಯೂ ಊರು ಅದೇ ಮಾತನ್ನು ಹಿಡಿದುಕೊಂಡು ಕುಳಿತರೆ, ಯಾವ ಕಾರಣದಿಂದ ಒಬ್ಬನು ಹೋದನೋ ಅದೇ ಕಾರಣದಿಂದ ಮರುವರ್ಷ ಮತ್ತೊಬ್ಬನು ಹೋಗುತ್ತಾನೆ. ಅವನಿಗೂ ಅದೇ ಮಾತನ್ನೇ ಹೇಳಿ ಕಳಿಸುತ್ತೇವೆ.

ಅಕಾಲದಲ್ಲಿ ಸತ್ತ ಪ್ರತಿಯೊಬ್ಬನ ಸಾವಿಗೂ ಕಾರಣವೇನೆಂದು ಕೇಳಬೇಕು, ಕೇಳಿದ್ದನ್ನು ಬರೆಯಬೇಕು, ಬರೆದದ್ದನ್ನು ಎಣಿಸಬೇಕು. ಸಾರ್ವಜನಿಕ ಆರೋಗ್ಯವೆಂಬುದು ಆಸ್ಪತ್ರೆಯ ಬಾಗಿಲಲ್ಲಿ ಆರಂಭವಾಗುವುದಿಲ್ಲ, ಈ ಎಣಿಕೆಯಲ್ಲಿ ಆರಂಭವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಇದನ್ನು ದೂರದ ದೇಶಗಳ ಉದಾಹರಣೆಯಿಂದ ಮಾತ್ರ ಹೇಳಿದರೆ ವಿದ್ಯಾರ್ಥಿಗಳಿಗೆ ಮನಸ್ಸು ಹತ್ತಲಾರದು. ಆದುದರಿಂದ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ಎಂಬ ನಾಲ್ಕು ತಾಲೂಕುಗಳನ್ನು ಕಣ್ಣೆದುರಿಗೆ ಇಟ್ಟುಕೊಂಡು ಬರೆಯುತ್ತಿದ್ದೇವೆ. ಕೃಷ್ಣೆ ಘಟಪ್ರಭೆಗಳ ನೀರಿನಲ್ಲಿ ಬೆಳೆಯುವ ಕಬ್ಬು, ರಬಕವಿ ಬನಹಟ್ಟಿಗಳ ಮಗ್ಗ, ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರನ್ನು ಬಿಟ್ಟುಕೊಟ್ಟು ಹೊಸ ಊರು ಕಟ್ಟಿಕೊಂಡ ಬೀಳಗಿ ಸೀಮೆಯ ಹಳ್ಳಿಗಳು, ಇವು ನಮ್ಮ ವಾಚಕರಲ್ಲಿ ಅನೇಕರು ಕಂಡು ಬಲ್ಲ ಸಂಗತಿಗಳು. ಅಲ್ಲಿನ ಜನ ಹೇಗೆ ಬದುಕುತ್ತಾರೆಂಬುದು ತಿಳಿದರೆ ಹೇಗೆ ಸಾಯುತ್ತಾರೆಂಬುದೂ ಅರ್ಧ ತಿಳಿದಂತೆಯೇ.

ಮೊದಲು ‘ಅಕಾಲ’ವೆಂದರೇನು ಎಂಬುದನ್ನು ನೋಡೋಣ. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯನ ಸರಾಸರಿ ಆಯುಷ್ಯ ಸುಮಾರು ೩೨ ವರ್ಷವಿತ್ತು. ಈಗ ಅದು ೭೦ರ ಆಸುಪಾಸಿನಲ್ಲಿದೆ. ಇದನ್ನು ಕೇಳಿದವರು ಆಗಿನ ಜನರೆಲ್ಲ ಮೂವತ್ತೆರಡಕ್ಕೆ ಮುದುಕರಾಗಿ ಸಾಯುತ್ತಿದ್ದರೆಂದು ಭಾವಿಸುವುದುಂಟು. ಅದು ತಪ್ಪು. ಹತ್ತು ಮಕ್ಕಳು ಹುಟ್ಟಿ, ಅವುಗಳಲ್ಲಿ ನಾಲ್ಕು ಹುಟ್ಟಿದ ಸ್ವಲ್ಪ ದಿನಗಳಲ್ಲಿಯೇ ತೀರಿಕೊಂಡು, ಉಳಿದ ಆರು ೬೦ ವರ್ಷ ಬದುಕಿದುವೆಂದು ಇಟ್ಟುಕೊಳ್ಳಿ. ಹತ್ತೂ ಜನರ ಆಯುಷ್ಯ ಕೂಡಿಸಿ ಹತ್ತರಿಂದ ಭಾಗಿಸಿದರೆ ಸರಾಸರಿ ೩೬ ಬರುತ್ತದೆ. ಆದರೆ ಅವರಲ್ಲಿ ಒಬ್ಬನಾದರೂ ಮೂವತ್ತಾರಕ್ಕೆ ಸತ್ತಿಲ್ಲ! ಸರಾಸರಿಯನ್ನು ಕೆಳಗೆ ಎಳೆದದ್ದು ಹಸುಗೂಸುಗಳ ಸಾವು. ೧೯೭೧ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ೧೨೯ ಮಕ್ಕಳು ಮೊದಲ ಹುಟ್ಟುಹಬ್ಬವನ್ನು ಕಾಣುತ್ತಿರಲಿಲ್ಲ; ೨೦೨೦ರ ಹೊತ್ತಿಗೆ ಆ ಸಂಖ್ಯೆ ೨೮ಕ್ಕೆ ಇಳಿಯಿತು, ಕರ್ನಾಟಕದಲ್ಲಿ ೧೯ಕ್ಕೆ. ಲಸಿಕೆ, ಶುದ್ಧ ನೀರು, ತಾಯಿಯ ಆರೈಕೆ, ಭೇದಿಯಾದ ಮಗುವಿಗೆ ಕುಡಿಸುವ ಉಪ್ಪು-ಸಕ್ಕರೆಯ ನೀರು, ಇವು ವಿಧಿಯ ಬರಹವನ್ನು ತಿದ್ದಿದುವು ಎನ್ನಬೇಕಾಗುತ್ತದೆ. ಇಲ್ಲವೆ, ಆ ಬರಹ ವಿಧಿಯದಾಗಿರಲಿಲ್ಲವೆಂದು ಒಪ್ಪಬೇಕಾಗುತ್ತದೆ.

ಆರೋಗ್ಯಶಾಸ್ತ್ರಜ್ಞರು ಅಕಾಲ ಮರಣವನ್ನು ಅಳೆಯಲು ಒಂದು ಸರಳವಾದ ಕ್ರಮವನ್ನು ಇಟ್ಟುಕೊಂಡಿದ್ದಾರೆ. ಎಪ್ಪತ್ತು ವರ್ಷವನ್ನು ಒಂದು ಗಡಿಯೆಂದು ಹಿಡಿದರೆ, ೬೮ಕ್ಕೆ ಸತ್ತವನಿಂದ ನಷ್ಟವಾದದ್ದು ೨ ವರ್ಷ. ೩೫ಕ್ಕೆ ಸತ್ತವನಿಂದ ೩೫ ವರ್ಷ. ೧೦ಕ್ಕೆ ಸತ್ತ ಹುಡುಗನಿಂದ ೬೦ ವರ್ಷ. ಎರಡು ಕಾಯಿಲೆಗಳಿಂದ ಸಮಸಂಖ್ಯೆಯ ಜನ ಸತ್ತರೂ, ಯಾವುದು ಎಳೆಯರನ್ನು ಒಯ್ಯುತ್ತದೆಯೋ ಅದೇ ನಾಡಿಗೆ ಹೆಚ್ಚು ನಷ್ಟವನ್ನು ತರುತ್ತದೆ.

ಇಂಥ ಲೆಕ್ಕಗಳನ್ನು ಕಟ್ಟುವ ಶಾಸ್ತ್ರಕ್ಕೆ ಎಪಿಡೆಮಿಯಾಲಜಿ ಎಂದು ಹೆಸರು. ಕನ್ನಡದಲ್ಲಿ ರೋಗಪ್ರಸರಣ ಶಾಸ್ತ್ರವೆನ್ನಬಹುದು. ವೈದ್ಯನು ತನ್ನ ಮುಂದೆ ಕುಳಿತ ಒಬ್ಬ ರೋಗಿಯನ್ನು ನೋಡುತ್ತಾನೆ. ಈ ಶಾಸ್ತ್ರದವನು ಇಡೀ ಊರನ್ನು ನೋಡುತ್ತಾನೆ. ಅವನು ಕೇಳುವ ಪ್ರಶ್ನೆಗಳು ಮೂರು: ಯಾರಿಗೆ ಬಂತು? ಎಲ್ಲಿ ಬಂತು? ಯಾವಾಗ ಬಂತು? ಇವುಗಳ ಜೊತೆಗೆ, ಬಾರದೆ ಉಳಿದವರು ಯಾರು ಎಂಬುದನ್ನೂ ಅವನು ಮರೆಯದೆ ಕೇಳುತ್ತಾನೆ. ಮತ್ತೊಂದು ಎಚ್ಚರಿಕೆಯೂ ಅವನಿಗೆ ಬೇಕು. ೪೦,೦೦೦ ಜನರ ಪಟ್ಟಣದಲ್ಲಿ ೨೦ ಸಾವುಗಳೂ ೨,೦೦೦ ಜನರ ಹಳ್ಳಿಯಲ್ಲಿ ೧೦ ಸಾವುಗಳೂ ಆದರೆ, ಬರಿಯ ಸಂಖ್ಯೆ ನೋಡಿದವನಿಗೆ ಪಟ್ಟಣದ ಗತಿಯೇ ಕೆಟ್ಟದ್ದೆಂದು ತೋರುತ್ತದೆ. ಸಾವಿರಕ್ಕೆ ಎಷ್ಟು ಎಂದು ಲೆಕ್ಕ ಹಾಕಿದರೆ ಪಟ್ಟಣದಲ್ಲಿ ಅರ್ಧ, ಹಳ್ಳಿಯಲ್ಲಿ ಐದು. ಹಳ್ಳಿಯಲ್ಲಿ ಅಪಾಯ ಹತ್ತು ಪಟ್ಟು ಹೆಚ್ಚು.

ಈ ಶಾಸ್ತ್ರದ ಶಕ್ತಿಯನ್ನು ಜಗತ್ತಿಗೆ ತೋರಿಸಿದ ಘಟನೆ ಲಂಡನ್ನಿನಲ್ಲಿ ನಡೆಯಿತು. ೧೮೫೪ರ ಆಗಸ್ಟ್ ಕೊನೆಯಲ್ಲಿ ಸೋಹೋ ಎಂಬ ಬಡಾವಣೆಗೆ ಕಾಲರಾ ಬೇನೆ ಬಂದು ಹತ್ತು ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಗಾಳಿಯೇ ಇದಕ್ಕೆ ಕಾರಣವೆಂದು ಆ ಕಾಲದ ಪಂಡಿತರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯನು ಸತ್ತವರ ಮನೆಗಳನ್ನು ಗುರುತಿಸುತ್ತ ಹೋದಾಗ ಅವೆಲ್ಲ ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದುವು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಕೆಲಸಗಾರರಿಗೆ ಮಾತ್ರ ಬೇನೆ ತಗಲಿರಲಿಲ್ಲ; ಅವರು ಆ ಪಂಪಿನ ನೀರನ್ನು ಕುಡಿಯುತ್ತಿರಲಿಲ್ಲ. ಸೆಪ್ಟೆಂಬರ್ ೮ರಂದು ಪಂಪಿನ ಹಿಡಿಕೆಯನ್ನು ಕಳಚಲಾಯಿತು. ಕಾಲರಾದ ಕ್ರಿಮಿಯನ್ನು ರಾಬರ್ಟ್ ಕಾಕ್ ಗುರುತಿಸಿದ್ದು ಅದಾದ ಮೂವತ್ತು ವರ್ಷಗಳ ಮೇಲೆ, ೧೮೮೪ರಲ್ಲಿ, ನಮ್ಮ ಕಲ್ಕತ್ತೆಯಲ್ಲಿ. ಕ್ರಿಮಿಯನ್ನು ಕಾಣದೆಯೇ ರೋಗದ ದಾರಿಯನ್ನು ಕಟ್ಟಬಹುದೆಂಬುದನ್ನು ಸ್ನೋ ತೋರಿಸಿದ್ದನು. ಈ ಕಥೆಯನ್ನು ಹೇಳುವವರು ಒಂದು ಸಂಗತಿಯನ್ನು ಬಿಟ್ಟುಬಿಡುವುದುಂಟು. ಸ್ನೋನಿಗೆ ಸತ್ತವರ ಪಟ್ಟಿ ಎಲ್ಲಿಂದ ಸಿಕ್ಕಿತು? ಇಂಗ್ಲೆಂಡಿನಲ್ಲಿ ೧೮೩೭ರಿಂದ ಹುಟ್ಟು ಸಾವುಗಳನ್ನು ಬರೆದಿಡುವ ಒಂದು ಕಚೇರಿಯಿತ್ತು. ವಿಲಿಯಂ ಫಾರ್ ಎಂಬವನು ಅಲ್ಲಿ ಕುಳಿತು ಪ್ರತಿ ಸಾವಿನ ಕಾರಣವನ್ನೂ ವರ್ಗ ಮಾಡಿಡುತ್ತಿದ್ದನು. ಆ ದಫ್ತರ ಇಲ್ಲದಿದ್ದರೆ ಸ್ನೋನ ಬುದ್ಧಿ ಬೀದಿಯಲ್ಲಿ ಅಲೆದು ದಣಿಯುತ್ತಿತ್ತು.

ಲಂಡನ್ನಿನ ಮಾತು ಸಾಕು. ನಮ್ಮ ಬಯಲುಸೀಮೆಗೆ ಬರೋಣ. ಇಲ್ಲಿನ ಹಿರಿಯರಿಗೆ ‘ನಾರುಹುಣ್ಣು’ ಎಂಬ ಬೇನೆಯ ನೆನಪು ಇರಬಹುದು. ಕಾಲಿನಲ್ಲಿ ಬೊಬ್ಬೆಯೆದ್ದು, ಅದು ಒಡೆದು, ಒಳಗಿನಿಂದ ದಾರದಂಥ ಹುಳು ಹೊರಬರುತ್ತಿತ್ತು. ಅದನ್ನು ಒಂದು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಎಳೆಯಬೇಕಾಗಿತ್ತು. ರೋಗಿ ಸಾಯುವುದು ಅಪರೂಪವಾದರೂ ಬಿತ್ತನೆಯ ಕಾಲದಲ್ಲಿ ವಾರಗಟ್ಟಲೆ ಹಾಸಿಗೆ ಹಿಡಿಯುತ್ತಿದ್ದನು. ಹುಳು ಹೊರಟ ಕಾಲನ್ನು ಮೆಟ್ಟಿಲು ಬಾವಿಯ ನೀರಿಗೆ ಇಟ್ಟರೆ ಮರಿಗಳು ನೀರು ಸೇರುತ್ತಿದ್ದುವು. ಅಲ್ಲಿನ ಸೂಕ್ಷ್ಮವಾದ ನೀರುಚಿಗಟೆಗಳು ಅವನ್ನು ನುಂಗುತ್ತಿದ್ದುವು. ಅದೇ ನೀರು ಕುಡಿದವನ ಕಾಲಿನಲ್ಲಿ ವರ್ಷದ ನಂತರ ಹೊಸ ಹುಳು ಕಾಣಿಸುತ್ತಿತ್ತು. ಇದಕ್ಕೆ ಲಸಿಕೆಯೂ ಇರಲಿಲ್ಲ, ಗುಣಪಡಿಸುವ ಔಷಧವೂ ಇರಲಿಲ್ಲ. ೧೯೮೪ರಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು ೪೦,೦೦೦ ರೋಗಿಗಳಿದ್ದರು. ಆರೋಗ್ಯ ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ ರೋಗಿಗಳನ್ನು ಹುಡುಕಿ ಎಣಿಸಿದರು. ಸುದ್ದಿ ತಂದವರಿಗೆ ಬಹುಮಾನ ಕೊಟ್ಟರು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾಡಿದರು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು. ೧೯೯೬ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕೊನೆಯ ರೋಗಿ ಕಂಡುಬಂದನು. ೨೦೦೦ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ಬೇನೆಯಿಂದ ಮುಕ್ತವೆಂದು ಸಾರಿತು. ಎಣಿಸುವುದಕ್ಕೂ ಬಾವಿ ಕಟ್ಟುವುದಕ್ಕೂ ಇರುವ ಸಂಬಂಧ ಇದರಿಂದ ಸ್ಪಷ್ಟವಾಗುತ್ತದೆ. ಯಾವ ಊರಿನಲ್ಲಿ ಎಷ್ಟು ರೋಗಿಗಳೆಂದು ತಿಳಿಯದಿದ್ದರೆ ಯಾವ ಬಾವಿಯನ್ನು ತಿದ್ದಬೇಕೆಂಬುದೂ ತಿಳಿಯುತ್ತಿರಲಿಲ್ಲ.

ಎಣಿಕೆ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಬಲ್ಲವರೆನಿಸಿಕೊಂಡವರ ತಪ್ಪು ತಿಳಿವಳಿಕೆಯನ್ನು ಅದು ಕಳೆಯುತ್ತದೆ. ಕ್ಷಯರೋಗವು ಪಟ್ಟಣದ ರೋಗ, ಹಳ್ಳಿಗರು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲ ಎಂದು ಒಂದು ಕಾಲಕ್ಕೆ ಎಲ್ಲರೂ ಹೇಳುತ್ತಿದ್ದರು. ೧೯೫೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿದರು. ಹಳ್ಳಿಗಳಲ್ಲಿಯೂ ಕ್ಷಯ ಧಾರಾಳವಾಗಿದೆಯೆಂದು ತಿಳಿಯಬಂದಿತು. ಅದಕ್ಕಿಂತ ಮುಖ್ಯವಾಗಿ, ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ತಮಗೆ ಕಾಯಿಲೆಯೆಂದು ಅರಿತು ಈ ಮೊದಲೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಅವರ ಕಫವನ್ನು ಪರೀಕ್ಷಿಸದೆ ಕೆಮ್ಮಿನ ಔಷಧ ಕೊಟ್ಟು ಕಳಿಸಲಾಗಿತ್ತು. ತಪ್ಪು ಹಳ್ಳಿಗರದಲ್ಲ, ವ್ಯವಸ್ಥೆಯದೆಂದು ಅಂಕಿಗಳು ಹೇಳಿದುವು. ೧೯೬೨ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವು ದೊಡ್ಡ ಸ್ಯಾನಟೋರಿಯಂಗಳನ್ನು ನೆಚ್ಚದೆ ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಕಫ ಪರೀಕ್ಷೆ ಮತ್ತು ಚಿಕಿತ್ಸೆಗೆ ಏರ್ಪಾಡು ಮಾಡಲು ಈ ತಿಳಿವಳಿಕೆಯೇ ಆಧಾರವಾಯಿತು.

ಅಂಕಿಗಳು ಎಲ್ಲ ಕಾಲದಲ್ಲಿಯೂ ಹಿತವಾದ ಮಾತನ್ನೇ ಹೇಳುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಜನಕ್ಕೆ ಇದರ ಅನುಭವವುಂಟು. ೨೦೦೩ರಲ್ಲಿ ಈ ಜಿಲ್ಲೆಯ ಊರುಗಳಲ್ಲಿ ಸಾಮಾನ್ಯ ಜನರ ರಕ್ತ ಪರೀಕ್ಷೆಯ ಸಮೀಕ್ಷೆಯೊಂದು ನಡೆಯಿತು. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಎಚ್.ಐ.ವಿ. ಸೋಂಕು ಕಂಡುಬಂದಿತು, ಅದೂ ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಹೆಚ್ಚಾಗಿ. ೨೦೦೫–೦೬ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇಡೀ ದೇಶದ ಪ್ರಮಾಣ ನೂರಕ್ಕೆ ೦.೨೮, ಕರ್ನಾಟಕದ್ದು ೦.೬೯ ಎಂದಿದ್ದುದನ್ನು ನೋಡಿದರೆ ಇದರ ತೂಕ ಗೊತ್ತಾಗುತ್ತದೆ. ಎಚ್.ಐ.ವಿ. ದೊಡ್ಡ ನಗರಗಳ ರೋಗವೆಂಬ ಭಾವನೆ ಸುಳ್ಳಾಯಿತು. ಜಿಲ್ಲೆಯ ಹೆಸರು ಕೆಟ್ಟಿತೆಂದು ಕೆಲವರು ನೊಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಲೆಕ್ಕ ತೆಗೆಯದೆ ಇದ್ದಿದ್ದರೆ ಸೋಂಕು ಇರುತ್ತಿರಲಿಲ್ಲವೆ? ಇರುತ್ತಿತ್ತು, ‘ಜ್ವರ ಬಂದು ಹೋದ’, ‘ಕ್ಷಯವಾಗಿ ಹೋದಳು’ ಎಂಬ ಮಾತುಗಳ ಮರೆಯಲ್ಲಿ ಅಡಗಿರುತ್ತಿತ್ತು. ೨೦೦೪ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ಸೋಂಕಿತರಿಗೆ ಔಷಧವನ್ನು ಉಚಿತವಾಗಿ ಕೊಡಲು ಆರಂಭವಾಯಿತು. ಅದನ್ನು ತಪ್ಪದೆ ಸೇವಿಸುವವನು ಇಂದು ಇತರರಂತೆಯೇ ಬಹುಕಾಲ ಬದುಕಬಲ್ಲನು. ಔಷಧದಿಂದ ರಕ್ತದಲ್ಲಿನ ವೈರಾಣು ಪರೀಕ್ಷೆಗೆ ಸಿಗದಷ್ಟು ತಗ್ಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಅವನಿಂದ ಇನ್ನೊಬ್ಬರಿಗೆ ಸೋಂಕು ಹರಡುವುದೂ ಇಲ್ಲ. ತಾಯಿಗೆ ಔಷಧ ಕೊಟ್ಟು ಕೂಸನ್ನು ರಕ್ಷಿಸಬಹುದು. ಸೋಂಕಿತರನ್ನು ಕೀಳಾಗಿ ಕಾಣುವುದನ್ನು ೨೦೧೭ರ ಕಾಯಿದೆ ನಿಷೇಧಿಸಿದೆ. ಎಣಿಸಿದ ಮೇಲೆ ನಾಚಿಕೆ ಒಂದೆರಡು ವರ್ಷ ಉಳಿದೀತು. ಎಣಿಸದೆ ಬಿಟ್ಟಿದ್ದರೆ ಸಾವು ಉಳಿಯುತ್ತಿತ್ತು.

ಈಗ ಕಬ್ಬಿನ ಹೊಲಕ್ಕೆ ಹೋಗೋಣ. ಮುಧೋಳ, ಜಮಖಂಡಿಗಳ ಕಡೆ ಕಬ್ಬು ಆಳೆತ್ತರ ಬೆಳೆದು ನಿಂತಾಗ ಅದರ ಬುಡದಲ್ಲಿ ನೆರಳು, ತಂಪು, ಒಣಗಿದ ರವದಿ; ಅಲ್ಲಿ ಇಲಿಗಳು; ಇಲಿಗಳ ಹಿಂದೆ ಹಾವುಗಳು. ಪಂಪಿನ ವಿದ್ಯುತ್ತು ರಾತ್ರಿ ಬಂದರೆ ರೈತನು ರಾತ್ರಿಯೇ ನೀರು ಹಾಯಿಸಲು ಹೋಗಬೇಕು. ಸುಗ್ಗಿಯಲ್ಲಿ ಕಬ್ಬು ಕಡಿಯಲು ಬರುವ ಗ್ಯಾಂಗಿನವರು ಹೊಲದ ಬದಿಯಲ್ಲಿ ಗುಡಿಸಲು ಹಾಕಿ ನೆಲದ ಮೇಲೆ ಮಲಗುತ್ತಾರೆ. ಹಾವು ಕಚ್ಚಿ ಒಬ್ಬನು ಸತ್ತರೆ ಅದನ್ನು ‘ಕಾಲ ಬಂದಿತ್ತು’ ಎನ್ನುವಷ್ಟು ಸಹಜವಾಗಿ ಬೇರೆ ಯಾವ ಸಾವನ್ನೂ ನಾವು ಹೇಳುವುದಿಲ್ಲ.

ಆದರೆ ಇದೇ ಸಾವನ್ನು ಎಣಿಸಿದಾಗ ಏನಾಯಿತು ನೋಡಿ. ಸರ್ಕಾರಿ ಆಸ್ಪತ್ರೆಗಳ ದಾಖಲೆಯಂತೆ ಇಡೀ ಭಾರತದಲ್ಲಿ ವರ್ಷಕ್ಕೆ ಹಾವು ಕಚ್ಚಿ ಸಾಯುವವರು ಒಂದೆರಡು ಸಾವಿರ ಮಾತ್ರ. ೨೦೦೧ರಿಂದ ಭಾರತದ ಮಹಾನೋಂದಣಾಧಿಕಾರಿಗಳ ಕಚೇರಿಯವರು ಡಾ. ಪ್ರಭಾತ್ ಝಾ ಮೊದಲಾದ ಸಂಶೋಧಕರೊಡನೆ ‘ಹತ್ತು ಲಕ್ಷ ಸಾವುಗಳ ಅಧ್ಯಯನ’ವೆಂಬ ಕೆಲಸವನ್ನು ಕೈಗೊಂಡರು. ತರಬೇತಾದ ಕಾರ್ಯಕರ್ತರು ಸಾವು ನಡೆದ ಮನೆಗಳಿಗೆ ಹೋಗಿ, ಕೊನೆಯ ದಿನಗಳಲ್ಲಿ ಏನೇನು ಆಯಿತೆಂದು ಮನೆಯವರನ್ನು ಕೇಳಿ, ಅವರ ಭಾಷೆಯಲ್ಲಿಯೇ ಬರೆದುಕೊಂಡರು. ಆ ಬರಹವನ್ನು ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣವನ್ನು ನಿರ್ಧರಿಸಿದರು. ಇದರಿಂದ ತಿಳಿದುದೇನೆಂದರೆ, ೨೦೦೫ರ ಒಂದೇ ವರ್ಷದಲ್ಲಿ ಹಾವಿನ ಕಡಿತದಿಂದ ಸತ್ತವರು ಸುಮಾರು ೪೬,೦೦೦! ೨೦೦೦ದಿಂದ ೨೦೧೯ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ಸುಮಾರು ೧೨ ಲಕ್ಷ. ಅವರಲ್ಲಿ ಕಾಲುಭಾಗಕ್ಕೂ ಹೆಚ್ಚು ಜನ ಹದಿನೈದು ವರ್ಷದೊಳಗಿನ ಮಕ್ಕಳು. ಬಹುಪಾಲು ಸಾವುಗಳು ಹಳ್ಳಿಗಳಲ್ಲಿ, ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ಮಳೆಗಾಲದಲ್ಲಿ ಆಗಿದ್ದುವು.

ಒಂದೆರಡು ಸಾವಿರಕ್ಕೂ ನಾಲ್ವತ್ತಾರು ಸಾವಿರಕ್ಕೂ ಇಷ್ಟು ಅಂತರವೇಕೆ? ಸತ್ತವರಲ್ಲಿ ನೂರಕ್ಕೆ ಸುಮಾರು ೭೭ ಜನ ಆಸ್ಪತ್ರೆಯ ಹೊರಗೆ, ಮನೆಯಲ್ಲಿಯೋ ದಾರಿಯಲ್ಲಿಯೋ ಮಂತ್ರ ಹಾಕುವವನ ಕಟ್ಟೆಯ ಮೇಲೋ ಸತ್ತಿದ್ದರು. ಆಸ್ಪತ್ರೆಯನ್ನು ತಲುಪದವನು ಆಸ್ಪತ್ರೆಯ ಲೆಕ್ಕವನ್ನೂ ತಲುಪಲಿಲ್ಲ. ಲೆಕ್ಕದಲ್ಲಿ ಇಲ್ಲದವನಿಗಾಗಿ ಯಾರು ಔಷಧ ತರಿಸುತ್ತಾರೆ? ವರ್ಷಕ್ಕೆ ಒಬ್ಬನೋ ಇಬ್ಬರೋ ಸತ್ತರೆಂದು ಕಾಗದ ಹೇಳಿದರೆ ತಾಲೂಕು ಆಸ್ಪತ್ರೆಗೆ ಬರುವ ಚುಚ್ಚುಮದ್ದಿನ ಸೀಸೆಗಳೂ ಅದಕ್ಕೆ ತಕ್ಕಷ್ಟೇ. ಆಮೇಲೆ ಬಂದ ರೋಗಿಗೆ ಮದ್ದು ಇಲ್ಲ. ಅವನ ಸಾವನ್ನು ಕಂಡ ಊರಿನವರು ಆಸ್ಪತ್ರೆಯನ್ನು ನಂಬುವುದಿಲ್ಲ. ಮುಂದಿನವನನ್ನು ಅಲ್ಲಿಗೆ ಒಯ್ಯುವುದಿಲ್ಲ. ಹೀಗೆ ಎಣಿಸದಿರುವುದೇ ಸಾವಿನ ಕಾರಣಗಳಲ್ಲಿ ಒಂದಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ೨೦೧೭ರಲ್ಲಿ ಹಾವಿನ ಕಡಿತವನ್ನು ಅಲಕ್ಷ್ಯಕ್ಕೊಳಗಾದ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರವು ೨೦೨೪ರ ಫೆಬ್ರುವರಿಯಲ್ಲಿ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಖಾಸಗಿ ಆಸ್ಪತ್ರೆಯಾಗಲಿ ಸರ್ಕಾರಿ ಆಸ್ಪತ್ರೆಯಾಗಲಿ ಪ್ರತಿ ಕಡಿತವನ್ನೂ ಪ್ರತಿ ಸಾವನ್ನೂ ತಿಳಿಸಬೇಕು. ಈ ಕ್ರಮವನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಇದರಿಂದ ಮೊದಲ ಕೆಲವು ವರ್ಷ ಅಂಕಿಗಳು ಏರಿದರೆ ಯಾರೂ ಗಾಬರಿಯಾಗಬಾರದು. ಹಾವುಗಳು ಹೆಚ್ಚಾದುವೆಂದು ಅದರ ಅರ್ಥವಲ್ಲ. ಕಾಣದೆ ಇದ್ದುದು ಕಾಣತೊಡಗಿತೆಂದು ಅರ್ಥ.

ಹಾವಿನ ಮಾತು ಬಂದುದರಿಂದ ವಾಚಕರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಹೇಳಿ ಮುಂದುವರಿಯುತ್ತೇವೆ. ನಮ್ಮಲ್ಲಿ ಹೆಚ್ಚು ಜನರನ್ನು ಕೊಲ್ಲುವ ಹಾವುಗಳು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಆಸ್ಪತ್ರೆಯ ಚುಚ್ಚುಮದ್ದು ಈ ನಾಲ್ಕರ ವಿಷಕ್ಕೂ ಕೆಲಸ ಮಾಡುತ್ತದೆ. ಆದುದರಿಂದ ಹಾವನ್ನು ಹೊಡೆದು ತರುವುದರಲ್ಲಿ ಹೊತ್ತು ಕಳೆಯಬೇಕಾಗಿಲ್ಲ. ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು. ಕಚ್ಚಿಸಿಕೊಂಡವನನ್ನು ನಡೆಸದೆ, ಕಚ್ಚಿದ ಅಂಗವನ್ನು ಅಲುಗಿಸದೆ, ಸಿಕ್ಕ ಗಾಡಿಯಲ್ಲಿ ನೆಟ್ಟಗೆ ಆಸ್ಪತ್ರೆಗೆ ಒಯ್ಯಬೇಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಹೆಚ್ಚಾಗಿ ಕಚ್ಚುತ್ತದೆ. ನೋವು ಅಷ್ಟಾಗಿ ಗೊತ್ತಾಗುವುದಿಲ್ಲ. ಮಂಚ, ಸೊಳ್ಳೆಪರದೆ, ಕಾಲಿಗೆ ಬೂಟು, ಕೈಯಲ್ಲಿ ಬ್ಯಾಟರಿ, ಇವು ಸಣ್ಣ ಸಾಧನಗಳಾದರೂ ಆಯುಷ್ಯವನ್ನು ಉಳಿಸಬಲ್ಲುವು. ಹಗಲಿನಲ್ಲಿ ವಿದ್ಯುತ್ತು ಸಿಕ್ಕರೆ ರೈತನಿಗೆ ರಾತ್ರಿಯ ಹೊಲವೇ ತಪ್ಪುತ್ತದೆ. ವಿದ್ಯುತ್ತಿನ ವೇಳಾಪಟ್ಟಿಯೂ ಸಾರ್ವಜನಿಕ ಆರೋಗ್ಯದ ವಿಷಯವೇ ಎಂಬುದು ಇದರಿಂದ ಮನವರಿಕೆಯಾದೀತು.

ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಿಗೆ ಬಂದರೆ ಪ್ರಶ್ನೆ ಬೇರೆಯಾಗುತ್ತದೆ. ೧೭೦೦ರಲ್ಲಿ ಇಟಲಿಯ ರಾಮಾಝಿನಿ ಎಂಬ ವೈದ್ಯನು ಕಸುಬುದಾರರ ರೋಗಗಳನ್ನು ಕುರಿತು ಒಂದು ಗ್ರಂಥ ಬರೆದನು. ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ ‘ನಿನ್ನ ಕಸುಬೇನು?’ ಎಂಬುದನ್ನೂ ವೈದ್ಯನು ಕೇಳಬೇಕೆಂದು ಅವನು ವಿಧಿಸಿದನು. ಹತ್ತಿಯ ಧೂಳಿನಲ್ಲಿ ವರ್ಷಗಟ್ಟಲೆ ದುಡಿಯುವವರಿಗೆ ಬಿಸಿನೋಸಿಸ್ ಎಂಬ ಶ್ವಾಸರೋಗ ಬರುತ್ತದೆ. ಅದು ನೂಲುವ ಗಿರಣಿಗಳಲ್ಲಿ ಹೆಚ್ಚು, ನೇಯುವಲ್ಲಿ ಕಡಿಮೆ. ಇದರ ಗುರುತು ವಿಚಿತ್ರವಾದುದು: ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನವೇ ಎದೆ ಬಿಗಿಯುತ್ತದೆ. ‘ಯಾವಾಗ?’ ಎಂದು ಕೇಳದಿದ್ದರೆ ಇದು ಬರಿಯ ಗೂರಲು ಎನಿಸಿಕೊಳ್ಳುತ್ತದೆ. ನೇಕಾರನೊಬ್ಬನು ಐವತ್ತಕ್ಕೆ ತೀರಿಕೊಂಡಾಗ ಅವನ ಕೆಮ್ಮು ಕ್ಷಯದ್ದೋ, ಧೂಳಿನದೋ, ಬೀಡಿಯದೋ? ಮೂರಕ್ಕೂ ಪರಿಹಾರ ಬೇರೆ ಬೇರೆ. ದಾಖಲೆಯಲ್ಲಿ ‘ದಮ್ಮು’ ಎಂದಷ್ಟೇ ಇದ್ದರೆ ಮೂರಕ್ಕೂ ಪರಿಹಾರವಿಲ್ಲ. ಇಂದು ನಮ್ಮ ದೇಶದಲ್ಲಿ ಮೂವತ್ತು ವರ್ಷ ಮುಟ್ಟಿದ ಐವರಲ್ಲಿ ಸುಮಾರು ಒಬ್ಬನು ಎಪ್ಪತ್ತಾಗುವ ಮೊದಲೇ ಹೃದಯ ರಕ್ತನಾಳಗಳ ರೋಗ, ಅರ್ಬುದ, ಸಕ್ಕರೆ ಕಾಯಿಲೆ, ದೀರ್ಘಕಾಲದ ಶ್ವಾಸರೋಗ ಇವುಗಳಲ್ಲಿ ಒಂದಕ್ಕೆ ಬಲಿಯಾಗುತ್ತಾನೆ. ತಂಬಾಕು ಮತ್ತು ರಕ್ತದ ಒತ್ತಡ ಇವುಗಳ ಹಿಂದೆ ಇರುವ ದೊಡ್ಡ ಕಾರಣಗಳು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಮುಖ್ಯ ದೂರಿಗೆ ಬರುತ್ತೇವೆ. ನಮ್ಮ ದೇಶದಲ್ಲಿ ೨೦೨೦ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದು ನೂರಕ್ಕೆ ೨೨.೫ ಮಾತ್ರ. ಉಳಿದವರು ಏಕೆ ಸತ್ತರೆಂಬುದಕ್ಕೆ ವೈದ್ಯರ ಸಾಕ್ಷ್ಯವಿಲ್ಲ. ಬರೆದ ಕಡೆಯಲ್ಲಿಯೂ ‘ಹೃದಯ ನಿಂತದ್ದರಿಂದ’ ಎಂದು ಬರೆದು ಕೈತೊಳೆದುಕೊಳ್ಳುವುದುಂಟು. ಜನರಾಡುವ ‘ಹಾರ್ಟ್ ಫೇಲ್ ಆಯಿತು’ ಎಂಬ ಮಾತೂ ಇದೇ ಬಗೆಯದು. ಸತ್ತವರೆಲ್ಲರ ಹೃದಯವೂ ನಿಲ್ಲುತ್ತದೆ; ಅದು ಸಾವಿನ ಲಕ್ಷಣವೇ ಹೊರತು ಕಾರಣವಲ್ಲ. ಕೊ‌ಳಕುಮಂಡಲ ಕಚ್ಚಿ, ಮೂತ್ರಪಿಂಡಗಳು ಕೆಟ್ಟು, ನಾಲ್ಕನೆಯ ದಿನ ಒಬ್ಬನ ಹೃದಯ ನಿಂತರೆ, ಆ ಸರಪಳಿಯ ಮೊದಲ ಕೊಂಡಿಯಾದ ಹಾವಿನ ಕಡಿತವೇ ಮೂಲಕಾರಣ. ಆ ಕೊಂಡಿಯನ್ನು ಬರೆದರೆ ಮಾತ್ರ ಅದನ್ನು ಮುರಿಯುವ ಉಪಾಯ ಹೊಳೆಯುತ್ತದೆ.

ಕಾನೂನು ನಮ್ಮ ಪರವಾಗಿಯೇ ಇದೆ. ಜನನ ಮರಣ ನೋಂದಣಿಯ ೧೯೬೯ರ ಕಾಯಿದೆಯಂತೆ ಮನೆಯಲ್ಲಿ ನಡೆದ ಸಾವನ್ನು ೨೧ ದಿನಗಳೊಳಗೆ ತಿಳಿಸಬೇಕು. ೨೦೨೩ರ ತಿದ್ದುಪಡಿಯಂತೆ ಪ್ರತಿಯೊಂದು ಆಸ್ಪತ್ರೆಯೂ, ಅದು ಯಾರದೇ ಆಗಿರಲಿ, ಸಾವಿನ ಕಾರಣದ ಪತ್ರವನ್ನು ನೋಂದಣಾಧಿಕಾರಿಗೆ ಕೊಟ್ಟು, ಅದರ ಪ್ರತಿಯನ್ನು ಹತ್ತಿರದ ಬಂಧುವಿಗೂ ಕೊಡಬೇಕು. ಸತ್ತವನಿಗೆ ಕೊನೆಯ ಕಾಯಿಲೆಯಲ್ಲಿ ಚಿಕಿತ್ಸೆ ಮಾಡಿದ ವೈದ್ಯನು ಆ ಪತ್ರಕ್ಕೆ ಹಣ ಕೇಳುವಂತಿಲ್ಲ. ಆದರೆ ಈ ಹಕ್ಕನ್ನು ಕೇಳುವವರು ಯಾರು? ಸಾವಿನ ಮನೆಯವರು ಮರಣ ಪ್ರಮಾಣಪತ್ರವನ್ನು ಆಸ್ತಿಯ ವರ್ಗಾವಣೆಗೂ ವಿಮೆಗೂ ಬೇಕಾದ ಕಾಗದವೆಂದಷ್ಟೇ ಬಗೆಯುತ್ತಾರೆ. ಕಾರಣದ ಅಂಕಣ ಖಾಲಿ ಉಳಿದರೂ ಅವರ ಕೆಲಸ ನಡೆಯುತ್ತದೆ. ನಿಲ್ಲುವುದು ಊರಿನ ಕೆಲಸ.

ನಮ್ಮ ಮಾತಿಗೆ ಎರಡು ಆಕ್ಷೇಪಗಳು ಬರಬಹುದು. ಹಳ್ಳಿಗೆ ಬೇಕಾದುದು ವೈದ್ಯ ಮತ್ತು ಔಷಧ, ಅಂಕಿಗಳಲ್ಲ ಎಂಬುದು ಮೊದಲನೆಯದು. ಇದರಲ್ಲಿ ಸತ್ಯಾಂಶ ಇಲ್ಲದಿಲ್ಲ; ವೈದ್ಯನಿಲ್ಲದ ಊರಿನಲ್ಲಿ ಕಾರಣ ಬರೆಯುವವನಾದರೂ ಎಲ್ಲಿಂದ ಬರಬೇಕು? ಆದರೆ ಯಾವ ಊರಿಗೆ ಯಾವ ವೈದ್ಯ, ಯಾವ ಔಷಧ ಎಂಬುದನ್ನು ಅಂಕಿಯೇ ಹೇಳಬೇಕು. ವೈದ್ಯನಿಲ್ಲದಲ್ಲಿ ತರಬೇತಾದ ಕಾರ್ಯಕರ್ತೆಯೊಬ್ಬಳು ಮನೆಯವರನ್ನು ಕೇಳಿ ಬರೆದುಕೊಳ್ಳಬಹುದೆಂಬುದನ್ನು ಮೇಲೆ ಹೇಳಿದ ಅಧ್ಯಯನವೇ ತೋರಿಸಿದೆ. ಸಾವಿನ ಕಾರಣ ಬಯಲಾದರೆ ಮನೆಯ ಮಾನ ಹೋಗುತ್ತದೆಂಬುದು ಎರಡನೆಯ ಆಕ್ಷೇಪ. ಎಚ್.ಐ.ವಿ. ಅಥವಾ ಆತ್ಮಹತ್ಯೆಯಂಥ ಪ್ರಸಂಗಗಳಲ್ಲಿ ಈ ಅಂಜಿಕೆ ಸಹಜವೇ. ಅದಕ್ಕಾಗಿಯೇ ಮರಣ ಪ್ರಮಾಣಪತ್ರದಲ್ಲಿ ಕಾರಣವನ್ನು ಕಾಣಿಸಕೂಡದೆಂದು ಕಾಯಿದೆ ವಿಧಿಸಿದೆ. ನಾವು ಬೇಡುವುದು ಹೆಸರುಗಳ ಪಟ್ಟಿಯನ್ನಲ್ಲ. ವಯಸ್ಸು, ಕಸುಬು, ತಿಂಗಳು, ಕಾರಣ ಇಷ್ಟನ್ನೇ ಇಡೀ ತಾಲೂಕಿಗೆ ಕೂಡಿಸಿ ಹೇಳಿದರೆ ಸಾಕು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ತಾಲೂಕುಗಳಲ್ಲಿ ವರ್ಷಕ್ಕೊಮ್ಮೆ ಇಂಥ ಒಂದು ಲೆಕ್ಕವು ಜನರ ಮುಂದೆ ಬರಬೇಕೆಂದು ನಾವು ಬಯಸುತ್ತೇವೆ. ಮಳೆ ಎಷ್ಟು ಬಂತು, ಜಲಾಶಯ ಎಷ್ಟು ತುಂಬಿತು, ಕಬ್ಬಿಗೆ ಟನ್ನಿಗೆ ಎಷ್ಟು ದರ ಎಂಬುದನ್ನು ಚಹದಂಗಡಿಯಲ್ಲಿ ಕುಳಿತು ಚರ್ಚಿಸುವ ನಮ್ಮ ಜನಕ್ಕೆ, ಎಪ್ಪತ್ತರೊಳಗೆ ಸತ್ತವರೆಷ್ಟು, ಏತರಿಂದ ಸತ್ತರು ಎಂಬುದನ್ನು ಚರ್ಚಿಸುವ ಬುದ್ಧಿ ಇಲ್ಲವೆ? ಖಂಡಿತ ಇದೆ, ಚರ್ಚಿಸಲು ಕೈಯಲ್ಲಿ ಅಂಕಿ ಇಲ್ಲ.

ವಿದ್ಯಾರ್ಥಿಗಳಿಂದ ಇಲ್ಲಿ ಆಗಬೇಕಾದ ಕೆಲಸವಿದೆ. ನಿಮ್ಮ ಮನೆಯಲ್ಲಿ ಓದು ಬಲ್ಲವರು ನೀವೊಬ್ಬರೇ ಆಗಿರಬಹುದು. ಮನೆಯಲ್ಲಿಯೋ ಓಣಿಯಲ್ಲಿಯೋ ಸಾವು ನಡೆದರೆ, ದುಃಖ ಸ್ವಲ್ಪ ತಣ್ಣಗಾದ ಮೇಲೆ, ನೋಂದಣಿಯಾಯಿತೆ ಎಂದು ಕೇಳಿರಿ; ಆಸ್ಪತ್ರೆಯಲ್ಲಿ ಆದ ಸಾವಾದರೆ ಕಾರಣದ ಪತ್ರವನ್ನು ಕೇಳಿ ಪಡೆಯಿರಿ. ಸಮೀಕ್ಷೆಯವರು ಬಂದಾಗ ಮುಚ್ಚುಮರೆ ಮಾಡದೆ ಹೇಳುವಂತೆ ಹಿರಿಯರಿಗೆ ತಿಳಿಸಿರಿ. ನೀವು ಮುಂದೆ ವೈದ್ಯರಾದರೆ ‘ಹೃದಯ ನಿಂತಿತು’ ಎಂದು ಬರೆಯುವ ಮುನ್ನ ಅದೇಕೆ ನಿಂತಿತೆಂದು ಕೇಳಿಕೊಳ್ಳಿರಿ. ನೋಂದಣಿಯ ಕಚೇರಿಯಲ್ಲಿ ಕುಳಿತರೆ ಆ ಅಂಕಣವನ್ನು ಖಾಲಿ ಬಿಡಬೇಡಿರಿ. ವೈದ್ಯರೂ ಅಧಿಕಾರಿಗಳೂ ಆಗದೆ ಹೊಲದಲ್ಲಿಯೇ ಮಗ್ಗದಲ್ಲಿಯೇ ಉಳಿದರೆ, ಊರಿನ ಸಭೆಯಲ್ಲಿ ಎದ್ದು ನಿಂತು ಈ ವರ್ಷದ ಲೆಕ್ಕವೆಲ್ಲಿ ಎಂದು ಕೇಳಿರಿ.

ಸತ್ತವರನ್ನು ಯಾರೂ ಮರಳಿ ತರಲಾರರು. ಅವರು ಏಕೆ ಹೋದರೆಂದು ಬರೆದಿಟ್ಟರೆ ಮುಂದಿನ ಮಳೆಗಾಲದಲ್ಲಿ ಅದೇ ಹೊಲದ ಬದುವಿನಲ್ಲಿ ನಡೆಯುವವನೊಬ್ಬನು ಮನೆಗೆ ಮರಳಬಹುದು. ‘ಆಯುಷ್ಯ ಇಷ್ಟೇ ಇತ್ತು’ ಎಂಬ ಮಾತನ್ನು ತುಂಬಿದ ವಯಸ್ಸಿನಲ್ಲಿ ಹೋದವರಿಗೆ ಮೀಸಲಿಡೋಣ. ಉಳಿದವರ ವಿಷಯದಲ್ಲಿ ಕಾರಣವನ್ನು ಕೇಳೋಣ.